ಕರಪತ್ರದಲ್ಲಿ ಸತ್ತ ಅವ್ವ

ಕಥೆ, ಕವಿತೆ, ಕಾದಂಬರಿಗಳನ್ನು ನಾವು ವಿಮರ್ಶೆಯ ಒರೆಗೆ ಹಚ್ಚುತ್ತೇವೆ. ಯಾರ ನೋವನ್ನು ಯಾರು ಬರೆದರು, ಎಲ್ಲಿ ಕುಂತು ಬರೆದರು, ಬರೆದದ್ದರಿಂದ ಯಾರ ಹೊಟ್ಟೆ ತುಂಬಿತು ಎಂದು ಕೇಳುತ್ತೇವೆ. ಕೇಳಲೇಬೇಕು. ಆದರೆ ನಮ್ಮ ಕೇರಿಗಳನ್ನು ಕುರಿತು ಅಚ್ಚಾಗುವ ಬರವಣಿಗೆಯಲ್ಲಿ ದೊಡ್ಡದೊಂದು ಪಾಲು ಕಥೆಯೂ ಅಲ್ಲ, ಕವಿತೆಯೂ ಅಲ್ಲ. ಅದು ಆರೋಗ್ಯದ ಹೆಸರಲ್ಲಿ ಕೆಲಸ ಮಾಡುವ ಸಂಘಸಂಸ್ಥೆಗಳು ಹಣ ಕೇಳಲು ಹಂಚುವ ಮನವಿಪತ್ರ. ನುಣುಪು ಕಾಗದ, ನಾಲ್ಕು ಬಣ್ಣ, ಒಂದು ಮಗುವಿನ ಮುಖ, ಕೆಳಗೆ ಬ್ಯಾಂಕಿನ ಖಾತೆ ನಂಬರು. ಇದನ್ನು ಯಾವ ವಿಮರ್ಶಕನೂ ಮುಟ್ಟುವುದಿಲ್ಲ. ಒಳ್ಳೆಯ ಕೆಲಸಕ್ಕೆ ಬರೆದದ್ದನ್ನು ಪ್ರಶ್ನಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ಹೆದರಿಕೆ. ಪಾಪಪುಣ್ಯದ ಈ ಹೆದರಿಕೆ ಯಾರಿಗೆ ಲಾಭ ತಂದಿದೆ ಎನ್ನುವುದು ನಮಗೆ ಹೊಸದಾಗಿ ತಿಳಿಯಬೇಕಾದ್ದೇನಲ್ಲ.

ನಾನು ಅಂಥ ಒಂದು ಮನವಿಪತ್ರದಿಂದ ಶುರು ಮಾಡುತ್ತೇನೆ. ಅದರ ಮೇಲಿರುವ ಮಗು ನಾನೇ.

2006ನೇ ಇಸವಿ. ನಾನು ಎರಡನೆಯ ಇಯತ್ತೆಯಲ್ಲಿದ್ದೆ. ಘಟಪ್ರಭೆಯ ದಂಡೆಯ ನಮ್ಮೂರಿಗೆ ಬಿಳಿ ಜೀಪಿನಲ್ಲಿ ಒಂದು ಸಂಸ್ಥೆಯವರು ಬಂದರು. ದುರ್ಗಮ್ಮನ ಗುಡಿ ಮುಂದೆ ಏಡ್ಸ್ ಬಗ್ಗೆ ಬೀದಿನಾಟಕ ಆಡಿದರು, ಹುಡುಗರಿಗೆಲ್ಲ ಬಿಸ್ಕೀಟು ಕೊಟ್ಟರು. ಕ್ಯಾಮೆರಾ ಹಿಡಿದವರೊಬ್ಬರು ನನ್ನನ್ನು ನಮ್ಮ ಗುಡಿಸಲಿನ ಬಾಗಿಲಿಗೆ ನಿಲ್ಲಿಸಿ, "ನಗಬ್ಯಾಡ" ಅಂದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಮೂರು ಸಲ ತೆಗೆದರು. ಅವ್ವ ಆಗ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಕೊಲ್ಲಾಪುರದ ಕಡೆ ದುಡಿಯಲು ಹೋಗಿದ್ದಳು; ನಾನು ಆಯಿಯ ಹತ್ತಿರ ಇದ್ದೆ.

ಆರು ತಿಂಗಳಿಗೆ ಆ ಪಟ ಅಚ್ಚಾಗಿ ಬಂತು. ಹೆಡ್‌ಮಾಸ್ತರರು ಎರಡು ಪ್ರತಿ ಕೊಟ್ಟರು. ಅವ್ವ ಗಂಜಿ ಹಚ್ಚಿ ಒಂದನ್ನು ಗೋಡೆಗೆ, ಬಾಬಾಸಾಹೇಬರ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದಳು. ಬಂದವರಿಗೆಲ್ಲ ತೋರಿಸುವುದೇ ತೋರಿಸುವುದು: "ನನ್ ಮಗ ಪೇಪರ್‌ನ್ಯಾಗ ಬಂದಾನ ನೋಡ್ರಿ." ಅದು ಇಂಗ್ಲಿಷಿನಲ್ಲಿತ್ತು. ನಮ್ಮ ಕೇರಿಯಲ್ಲಿ ಅದನ್ನು ಓದುವವರು ಒಬ್ಬರೂ ಇರಲಿಲ್ಲ. ಓದಲು ಬಾರದವರ ಮನೆಗೋಡೆಯ ಮೇಲೆ ಏಳು ವರ್ಷ ಅದು ಇತ್ತು.

ಒಂಬತ್ತನೇ ಇಯತ್ತೆಯಲ್ಲಿ ಡಿಕ್ಷನರಿ ಹಿಡಿದು ಕುಂತು ಒಂದೊಂದೇ ಶಬ್ದ ಬಿಡಿಸಿದೆ. ನನ್ನ ಹೆಸರು ರಾಜು ಎಂದಿತ್ತು. ನನ್ನ ಹೆಸರು ರಾಜು ಅಲ್ಲ. ರಾಜುವಿನ ಅಪ್ಪ, ಅವ್ವ ಇಬ್ಬರೂ ಏಡ್ಸ್‌ನಿಂದ ತೀರಿಕೊಂಡಿದ್ದಾರೆ ಎಂದಿತ್ತು. ಅವ್ವ ಅಲ್ಲೇ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಏನ್ ಬರದಾರಪಾ ಅದ್ರಾಗ?"

"ಹುಡುಗ ಚೊಲೊ ಓದ್ತಾನ ಅಂತ ಬರದಾರಬೇ."

ಸುಳ್ಳು ಅವರದ್ದೊಂದೇ ಅಲ್ಲ, ನನ್ನದೂ ಒಂದು ಇದೆ ಎಂದು ಮೊದಲೇ ಬರೆದುಬಿಡುತ್ತೇನೆ.

ಈಗ ಆ ಪತ್ರವನ್ನು ಕವಿತೆಯೊಂದನ್ನು ಓದುವ ಹಾಗೆಯೇ ಓದಿ ನೋಡೋಣ. ಒಟ್ಟು ಒಂಬತ್ತು ವಾಕ್ಯ. ಅವುಗಳಲ್ಲಿ ‘ನೀವು’ ಎಂಬವರು ಮಾಡುವ ಕೆಲಸಗಳು: ಕೊಡುತ್ತೀರಿ, ಉಳಿಸುತ್ತೀರಿ, ಬದಲಿಸುತ್ತೀರಿ. ರಾಜು ಮಾಡುವ ಕೆಲಸಗಳು: ಕಳಕೊಂಡಿದ್ದಾನೆ, ಉಳಿದಿದ್ದಾನೆ, ಕಾಯುತ್ತಿದ್ದಾನೆ. ಇಷ್ಟೇ. ಕ್ರಿಯಾಪದಗಳೆಲ್ಲ ಕೊಡುವವರ ಪಾಲಿಗೆ ಹೋಗಿವೆ. ಊರಿನ ಹೆಸರಿಲ್ಲ. ಜಾತಿಯ ಸುದ್ದಿಯೇ ಇಲ್ಲ. ನಮ್ಮವರಿಗೆ ಹೊಲ ಇದೆಯೋ ಇಲ್ಲವೋ, ಕಬ್ಬು ಕಡಿದರೆ ಕೂಲಿ ಎಷ್ಟು, ಗುಡಿಸಲು ಊರ ಹೊರಗೆ ಯಾಕಿದೆ, ಒಂದೂ ಇಲ್ಲ. ರೋಗ ಆಕಾಶದಿಂದ ಮಳೆ ಬಿದ್ದ ಹಾಗೆ ಬಿದ್ದಿದೆ.

ನಮ್ಮ ಸೀಮೆಯಲ್ಲಿ ಅದು ಆಕಾಶದಿಂದ ಬೀಳಲಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಯಾವ ಜಾತಿಯವರು, ಕಟ್ಟಿಸಿದ ದೇವರು ಯಾರದ್ದು, ರಾತ್ರಿ ಬಂದುಹೋಗುತ್ತಿದ್ದ ಗೌಡರು, ಸಾವುಕಾರರು ಯಾರು ಎಂಬುದು ಅಲ್ಲಿನ ಎಮ್ಮೆಗಳಿಗೂ ಗೊತ್ತು. ದೇವದಾಸಿ ಸಮರ್ಪಣೆ ನಿಷೇಧದ ಕಾಯಿದೆಯನ್ನು 1982ರಲ್ಲೇ ಈ ರಾಜ್ಯ ಮಾಡಿದೆ. ಆ ಕಾಯಿದೆ ಯಾಕೆ ಮಲಗಿತು ಎಂದು ಒಂದು ಸಾಲು ಬರೆದಿದ್ದರೆ ಕರಪತ್ರ ಕೊಳೆಯಾಗುತ್ತಿತ್ತೇನೋ. ಅನಾಥ ಮಗುವಿಗೆ ಕೊಡಲು ಕೈ ಮುಂದೆ ಬರುತ್ತದೆ. ಜಾತಿಯ ಹೆಸರೆತ್ತಿದರೆ ಅದೇ ಕೈ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ನನ್ನನ್ನು ಅನಾಥ ಮಾಡುವುದು ಅವರಿಗೆ ಅಗತ್ಯವಿತ್ತು. ಕಬ್ಬು ಕಡಿಯಲು ಹೋದ ಅವ್ವನಿದ್ದರೆ ಕೂಲಿಯ ಪ್ರಶ್ನೆ ಬರುತ್ತದೆ. ಸತ್ತ ಅವ್ವನಿದ್ದರೆ ಬರೀ ಕರುಣೆ ಬರುತ್ತದೆ.

ಇದನ್ನು ಮೊದಲು ಹೇಳಿದವನು ನಾನಲ್ಲ. 1981ರಲ್ಲಿ ಡೆನ್ಮಾರ್ಕಿನ ಯೋರ್ಗೆನ್ ಲಿಸ್ನರ್ ಎಂಬಾತ ‘ನ್ಯೂ ಇಂಟರ್‌ನ್ಯಾಷನಲಿಸ್ಟ್’ ಪತ್ರಿಕೆಯಲ್ಲಿ ಹಸಿದ ಮಕ್ಕಳ ಪಟ ಹಾಕಿ ಹಣ ಎತ್ತುವವರನ್ನು ಸಂಕಟದ ವ್ಯಾಪಾರಿಗಳು ಎಂದು ಕರೆದ. ಮರ್ಯಾದೆಯಿಲ್ಲದೆ ಒಂದು ದೇಹವನ್ನು, ಅದರ ಯಾತನೆಯನ್ನು ಎಲ್ಲರ ಕಣ್ಣಿಗೆ ಹರಡುವುದು ಅಶ್ಲೀಲತೆಗೆ ಹತ್ತಿರ ಎಂದ. ಅವನೂ ಅಂಥ ನೆರವಿನ ಕೆಲಸದ ಒಳಗಿನವನೇ. ಇಥಿಯೋಪಿಯಾದ 1984ರ ಬರಗಾಲದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿಬಂದ ಮೇಲೆ, 1989ರಲ್ಲಿ ಯುರೋಪಿನ ಸ್ವಯಂಸೇವಾ ಸಂಸ್ಥೆಗಳು ಸೇರಿ ಪಟಗಳ ಬಗ್ಗೆ ಒಂದು ನೀತಿಸಂಹಿತೆ ಮಾಡಿಕೊಂಡವು. ಅದಾಗಿ 17 ವರ್ಷದ ನಂತರ ನಮ್ಮೂರಿಗೆ ಜೀಪು ಬಂತು. ಸಂಹಿತೆ ಜೀಪಿನಲ್ಲಿ ಬಂದಿರಲಿಲ್ಲ.

ಪಟ ಬಿಡಿ. ಅದೇ ಕರಪತ್ರದ ಹಿಂದುಗಡೆ ದೊಡ್ಡ ಅಕ್ಷರದಲ್ಲಿ ಒಂದು ಅಂಕಿ ಇತ್ತು: 57 ಲಕ್ಷ. ಭಾರತದಲ್ಲಿ ಎಚ್‌ಐವಿ ಇರುವವರ ಸಂಖ್ಯೆ. ಈ ಅಂಕಿಯ ಕಥೆಯನ್ನು ಬಿಡಿಸಿ ಹೇಳಬೇಕು. ಶಾಲೆಯಲ್ಲಿ ಗಣಿತ ಕಲಿಸುವ ಗೆಳೆಯರು ಇದನ್ನು ಮಕ್ಕಳಿಗೂ ಹೇಳಬಹುದು.

2002ರಲ್ಲಿ ಅಮೆರಿಕದ ಬೇಹುಗಾರಿಕೆಗೆ ಸಂಬಂಧಪಟ್ಟ ಒಂದು ಮಂಡಳಿ, 2010ರ ಹೊತ್ತಿಗೆ ಭಾರತದಲ್ಲಿ 2 ಕೋಟಿಯಿಂದ 2.5 ಕೋಟಿ ಜನಕ್ಕೆ ಈ ಸೋಂಕು ಇರುತ್ತದೆಂದು ಭವಿಷ್ಯ ಹೇಳಿತು. ಅದೇ ವರ್ಷ ಬಿಲ್ ಗೇಟ್ಸ್ ಬಂದು 10 ಕೋಟಿ ಡಾಲರ್ ಘೋಷಿಸಿದ. ಆಗಿನ ಆರೋಗ್ಯ ಮಂತ್ರಿ ಶತ್ರುಘ್ನ ಸಿನ್ಹಾ ಇದು ಜನರನ್ನು ಗಾಬರಿಪಡಿಸುವ ಲೆಕ್ಕ ಎಂದು ಸಿಟ್ಟಾದರು. ಸರಕಾರ ನಿಜ ಮುಚ್ಚುತ್ತಿದೆ ಎಂದು ಪತ್ರಿಕೆಗಳಲ್ಲಿ ಹಲವರು ಬೈದರು. 2006ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ವಿಭಾಗ 57 ಲಕ್ಷ ಎಂದಿತು. ದಕ್ಷಿಣ ಆಫ್ರಿಕಾವನ್ನು ಹಿಂದೆ ಹಾಕಿ ನಾವು ಜಗತ್ತಿನಲ್ಲೇ ಮೊದಲಿಗರಾದೆವು. 2007ರ ಜುಲೈನಲ್ಲಿ ಆ ಸಂಖ್ಯೆ 25 ಲಕ್ಷಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಾಯ! ಸತ್ತೂ ಹೋಗಿರಲಿಲ್ಲ, ವಾಸಿಯೂ ಆಗಿರಲಿಲ್ಲ. ಅವರು ಇರಲೇ ಇಲ್ಲ.

ಹೇಗಾಯಿತು ಇದು? ಮೊದಲಿನ ಲೆಕ್ಕ ಮುಖ್ಯವಾಗಿ ಸರಕಾರಿ ಆಸ್ಪತ್ರೆಗಳಿಂದ ಬರುತ್ತಿತ್ತು. ಬಸುರಿ ಹೆಂಗಸರು ತೋರಿಸಿಕೊಳ್ಳಲು ಬಂದಾಗ, ಗುಪ್ತರೋಗದವರು ಬಂದಾಗ, ಅವರ ರಕ್ತದಲ್ಲಿ ಎಷ್ಟು ಜನಕ್ಕೆ ಸೋಂಕಿದೆ ಎಂದು ನೋಡಿ, ಅದರಿಂದ ಇಡೀ ದೇಶಕ್ಕೆ ಗುಣಿಸುವುದು. ಆದರೆ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಯಾರು? ನಾವು. ಖಾಸಗಿ ದವಾಖಾನೆಯವರು ಸಂಶಯ ಬಂದ ಕೂಡಲೇ "ದೊಡ್ಡಾಸ್ಪತ್ರಿಗೆ ಹೋಗ್ರಿ" ಎಂದು ಬಾಗಿಲು ತೋರಿಸಿದವರೂ ಅದೇ ಸಾಲಿಗೆ ಬಂದು ಸೇರುತ್ತಿದ್ದರು. ಆಂಧ್ರದ ಗುಂಟೂರು ಜಿಲ್ಲೆಯಲ್ಲಿ ಲಲಿತ್ ದಂಡೋನಾ ಮತ್ತು ಸಂಗಡಿಗರು ಆಸ್ಪತ್ರೆಯ ಸಾಲು ಬಿಟ್ಟು ಜನರ ನಡುವೆ ಹೋಗಿ ಪರೀಕ್ಷೆ ಮಾಡಿ, 2006ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು: ಆಸ್ಪತ್ರೆ ಲೆಕ್ಕದ ಅಂದಾಜು ನಿಜಕ್ಕಿಂತ ಎರಡು ಪಟ್ಟಿಗೂ ಹೆಚ್ಚಿದೆ. ಆಮೇಲೆ ರಾಷ್ಟ್ರೀಯ ಕುಟುಂಬ ಆರೋಗ್ಯದ ಮೂರನೇ ಸಮೀಕ್ಷೆ ದೇಶದಾದ್ಯಂತ ಒಂದು ಲಕ್ಷಕ್ಕೂ ಮೀರಿ ಜನರ ರಕ್ತ ನೋಡಿತು. 25 ಲಕ್ಷದ ಹೊಸ ಅಂದಾಜಿನ ಹಿಂದೆ ಅದೇ ಇತ್ತು.

ಬಡವರ, ದಲಿತರ ರಕ್ತವನ್ನು ನೋಡಿ ಅದನ್ನೇ ಇಡೀ ದೇಶದ ರಕ್ತವೆಂದು ಗುಣಿಸಿದ ಲೆಕ್ಕ ಅದು. ಉಳಿದ ಯಾವ ವಿಷಯದಲ್ಲಿ ನಮ್ಮನ್ನು ಇಡೀ ದೇಶ ಎಂದು ಹಿಡಿದಿದ್ದಾರೆ, ಹೇಳಿ?

ನ್ಯಾಯವಾಗಿ ಹೇಳಬೇಕು: ಲೆಕ್ಕ ತಪ್ಪುವುದು ಸುಳ್ಳಲ್ಲ. ಗೊತ್ತಿದ್ದ ವಿಧಾನದಲ್ಲಿ ಅಂದಾಜು ಮಾಡಿದರು, ಉತ್ತಮ ವಿಧಾನ ಸಿಕ್ಕಾಗ ತಿದ್ದಿದರು. ಇದು ವಿಜ್ಞಾನದ ಮರ್ಯಾದೆ. ಸುಳ್ಳು ಹುಟ್ಟಿದ್ದು ಬೇರೆ ಕಡೆ. 2006ರ ಆ ವರದಿಯಲ್ಲೇ 57 ಲಕ್ಷದ ಪಕ್ಕದಲ್ಲಿ 34 ಲಕ್ಷದಿಂದ 94 ಲಕ್ಷದ ನಡುವೆ ಎಂದು ಅಚ್ಚಾಗಿತ್ತು. ಅಂದರೆ, ನಮಗೆ ಸರಿಯಾಗಿ ಗೊತ್ತಿಲ್ಲ ಎಂದು ಲೆಕ್ಕ ಮಾಡಿದವರೇ ಒಪ್ಪಿಕೊಂಡಿದ್ದರು. ಆ ಒಪ್ಪಿಗೆ ನನ್ನ ಪಟದ ಹಿಂದೆ ಇರಲಿಲ್ಲ. ವರದಿಯಿಂದ ಮನವಿಪತ್ರಕ್ಕೆ ಇಳಿಯುವಾಗ ‘ನಡುವೆ’ ಎಂಬ ಶಬ್ದ ದಾರಿಯಲ್ಲಿ ಬಿದ್ದುಹೋಗುತ್ತದೆ. ವಿಮರ್ಶಕನಾದವನು ಹುಡುಕಬೇಕಾದ್ದು ಹೀಗೆ ಬಿದ್ದುಹೋದ ಶಬ್ದಗಳನ್ನು.

ಇನ್ನೊಂದು ಬಗೆಯ ಸುಳ್ಳಿದೆ. ಅದು ಕೇಳುವವನ ಅಳತೆಗೆ ಹೊಲಿದದ್ದು. 1987ರಿಂದ ಅಮೆರಿಕದ ಸರಕಾರಿ ರೋಗನಿಯಂತ್ರಣ ಕೇಂದ್ರ, ಏಡ್ಸ್ ಯಾರಿಗಾದರೂ ಬರಬಹುದು ಎಂದು ಎಲ್ಲರ ಮನೆಗೂ ಮುಟ್ಟುವ ಹಾಗೆ ಪ್ರಚಾರ ಮಾಡಿತು. ಸಲಿಂಗಿಗಳಿಗೆ, ಸೂಜಿಯಲ್ಲಿ ಮಾದಕ ಚುಚ್ಚಿಕೊಳ್ಳುವವರಿಗೆ ಇದ್ದ ಅಪಾಯಕ್ಕೂ ಉಳಿದ ಬಹುಪಾಲು ಜನರಿಗಿದ್ದ ಅಪಾಯಕ್ಕೂ ಅಜಗಜಾಂತರ ಇತ್ತು. ಅಧಿಕಾರಿಗಳಿಗೆ ಅದು ಗೊತ್ತಿತ್ತು ಎಂದು 1996ರಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಬರೆಯಿತು. ಯಾಕೆ ಹಾಗೆ ಮಾಡಿದರು? ‘ಅವರಿಗೆ’ ಬರುವ ರೋಗಕ್ಕೆ ಯಾರೂ ಕಾಸು ಬಿಚ್ಚುವುದಿಲ್ಲ, ‘ನಮಗೆ’ ಬರುವ ರೋಗಕ್ಕೆ ಬಿಚ್ಚುತ್ತಾರೆ. ಈ ಸುಳ್ಳನ್ನು ಹೇಳಿದವರನ್ನಷ್ಟೇ ಬೈದರೆ ಸಾಲದು. ನಿಜ ಕೇಳಿದರೆ ಕಿಸೆ ಮುಚ್ಚಿಕೊಳ್ಳುವ ಸಮಾಜವೇ ಅದನ್ನು ಹೇಳಿಸಿತು. ಮುತ್ತು ಕಟ್ಟಿಸಿಕೊಂಡವಳು ಸಾಯುತ್ತಿದ್ದಾಳೆ ಎಂದರೆ ಬೆಂಗಳೂರಿನ ಬಂಗಲೆಯವರು ಕೊಡುತ್ತಿದ್ದರೇ?

"ಅದಕ್ಕೇ ಮತ್ತ, ರೊಕ್ಕ ಬರದಿದ್ರ ಗುಳಿಗಿ ಎಲ್ಲಿಂದ ಬರ್ತಾವು?" ಎಂದು ನನ್ನ ಗೆಳೆಯನೊಬ್ಬ ಜಗಳ ತೆಗೆಯುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಗುಳಿಗೆ ಪುಕ್ಕಟೆ ಸಿಗತೊಡಗಿತು. ಗೇಟ್ಸ್ ಹಣದ ‘ಆವಾಹನ್’ ಯೋಜನೆಯಿಂದ 2003ರಿಂದ 2008ರೊಳಗೆ ಸುಮಾರು ಒಂದು ಲಕ್ಷ ಸೋಂಕು ತಪ್ಪಿರಬಹುದೆಂದು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಂದಾಜು ಬಂತು. ಇದೂ ಅಂದಾಜೇ; ಇರಲಿ, ನಮ್ಮ ಸೀಮೆಯಲ್ಲಿ ಬದುಕಿ ಉಳಿದವರನ್ನು ನಾನೇ ಕಂಡಿದ್ದೇನೆ. ಕೆಲಸ ಸುಳ್ಳಲ್ಲ. ಅದರಿಂದಲೇ ಸಂಕಟ. ಕೆಲಸವೂ ಸುಳ್ಳಾಗಿದ್ದರೆ ಈ ಲೇಖನ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು.

ಆದರೆ ಗೆಳೆಯಾ, ಸುಳ್ಳಿನ ಬೆಲೆ ಕಟ್ಟುವವರು ಯಾರು? ಹೇಳಿದ ಸಂಸ್ಥೆಯಲ್ಲ. ಜೀಪು ಬಂದುಹೋದ ಮೇಲೆ ನಮ್ಮದು ‘ಏಡ್ಸ್ ಓಣಿ’ ಆಯಿತು. ನಮ್ಮ ಹುಡುಗಿಯರನ್ನು ಕೇಳಲು ಬಂದ ಬೀಗರು ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಹೋದರು. ಸಂತೆಯ ಚಹಾದಂಗಡಿಯಲ್ಲಿ ನಮಗೆ ಬೇರೆ ಲೋಟ ಇತ್ತು. ಅದು ತಪ್ಪೆಂದು ಹೇಳಿದರೆ ಅಂಗಡಿಯವನು ಸ್ವಲ್ಪವಾದರೂ ನಾಚುತ್ತಿದ್ದ. ಈಗ ನಾಚುವುದು ಬಿಟ್ಟ. "ರೋಗ ಐತಲ್ರಿ ನಿಮ್ ಕಡೆ" ಎನ್ನತೊಡಗಿದ. ಹಳೆಯ ಮುಟ್ಟುಗೋಲಿಗೆ ಹೊಸ ಡಾಕ್ಟರ ಸರ್ಟಿಫಿಕೇಟು. ಇಂದು 2017ರ ಎಚ್‌ಐವಿ ಕಾಯಿದೆ ಇದೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಬ್ಬರಿಗೆ ಸೋಂಕಿದೆ ಎಂಬುದನ್ನು ಅವರ ತಿಳಿದ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ಇಲ್ಲದ ಸೋಂಕನ್ನು ಒಂದು ಓಣಿಗೇ ಹಚ್ಚಿದವರನ್ನು ಏನು ಮಾಡಬೇಕೋ ತಿಳಿಯದು.

ಹಾಗಾದರೆ ಸುಳ್ಳಿಲ್ಲದೆ ಕೇಳಲು ಬರುವುದೇ ಇಲ್ಲವೇ? ಬರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1998ರ ಡಿಸೆಂಬರ್ 10ರಂದು ಜ್ಯಾಕಿ ಅಕ್ಮಟ್ ಮತ್ತವನ ಸಂಗಾತಿಗಳು ‘ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್’ ಕಟ್ಟಿದರು. ಅದೇ ತಿಂಗಳು ಗುಗು ದ್ಲಾಮಿನಿ ಎಂಬ ಹೆಣ್ಣುಮಗಳು ತನಗೆ ಎಚ್‌ಐವಿ ಇದೆಯೆಂದು ಬಹಿರಂಗವಾಗಿ ಹೇಳಿದ್ದಕ್ಕೆ ಅವಳದೇ ವಸತಿಯ ಜನ ಹೊಡೆದು ಕೊಂದರು. ಆಗ ಈ ಚಳವಳಿಯವರು ಎದೆಯ ಮೇಲೆ ‘ಎಚ್‌ಐವಿ ಪಾಸಿಟಿವ್’ ಎಂದು ದೊಡ್ಡದಾಗಿ ಅಚ್ಚು ಹಾಕಿದ ಅಂಗಿ ತೊಟ್ಟು ಬೀದಿಗೆ ಬಂದರು. ಇದ್ದವರೂ ತೊಟ್ಟರು, ಇಲ್ಲದವರೂ ತೊಟ್ಟರು; 2002ರಲ್ಲಿ ಮಂಡೇಲಾ ಕೂಡ ತೊಟ್ಟ. ಆ ಅಂಗಿಯೂ ಒಂದು ಪಟವೇ. ಆದರೆ ಪಟದಲ್ಲಿದ್ದವರೇ ಮಾತಾಡುತ್ತಿದ್ದರು. ಅವರು ಕೇಳಿದ್ದು ಕರುಣೆಯನ್ನಲ್ಲ, ಔಷಧಿಯನ್ನು, ಅದೂ ಸರಕಾರದಿಂದ, ಹಕ್ಕೆಂದು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಔಷಧಿ ಕೊಡಲೇಬೇಕೆಂದು 2002ರ ಜುಲೈನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದಿಂದ ತೀರ್ಪು ತಂದರು. ಅವರೂ ಹೊರಗಿನ ದೇಣಿಗೆ ತಕ್ಕೊಂಡವರೇ. ಆದರೆ ಕ್ರಿಯಾಪದಗಳನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು.

ಅಷ್ಟು ದೂರ ಯಾಕೆ? ನಮ್ಮ ಗಡಿಯಾಚೆ ಸಾಂಗ್ಲಿಯಲ್ಲಿ ‘ಸಂಗ್ರಾಮ್’ ಇದೆ, ಅದರ ಜೊತೆಗೆ ಧಂದೆಯ ಹೆಣ್ಣುಮಕ್ಕಳೇ ಕಟ್ಟಿದ ‘ವ್ಯಾಂಪ್’ ಇದೆ. ನಿಪ್ಪಾಣಿಯ ಕಡೆಯ ನಮ್ಮ ಹೆಣ್ಣುಮಕ್ಕಳೂ ಅದರಲ್ಲಿದ್ದಾರೆ. 2003ರ ಅಮೆರಿಕದ ಕಾನೂನಿನಂತೆ, ಅವರ ಏಡ್ಸ್ ಹಣ ಬೇಕಾದರೆ ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆಂದು ಬರೆದುಕೊಡಬೇಕಿತ್ತು. ನಿಲುವು ಏನಾದರಿರಲಿ, ಒಂದು ಕಾಗದಕ್ಕೆ ಸಹಿ ಹಾಕಿ ಹಣ ಎಣಿಸಿಕೊಳ್ಳುವುದು ಸುಲಭವಿತ್ತು. ‘ಸಂಗ್ರಾಮ್’ 2005ರಲ್ಲಿ ಹಣವನ್ನೇ ಬಿಟ್ಟಿತು. ಆ ಸಂಘಟನೆಯ ಎಲ್ಲ ವಿಚಾರಗಳನ್ನು ನಾನು ಒಪ್ಪುತ್ತೇನೆಂದಲ್ಲ. ಮುತ್ತು ಕಟ್ಟಿಸಿಕೊಂಡ ದೊಡ್ಡವ್ವನ ಮನೆಯಲ್ಲಿ ಬೆಳೆದ ನನಗೆ ‘ಧಂದೆಯೂ ಒಂದು ಕೆಲಸ’ ಎಂಬ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಅದು ಬೇರೆ ಚರ್ಚೆ. ಕೇಳುವವರ ಮುಂದೆ ಒಂದು ಮಾತು, ಓಣಿಯೊಳಗೆ ಒಂದು ಮಾತು ಆಡಲಿಲ್ಲವಲ್ಲ, ಅದಕ್ಕೆ ಶರಣು.

ನನ್ನ ಕೈಯೂ ತೊಳೆದದ್ದಲ್ಲ. ಡಿಗ್ರಿ ಮುಗಿಸಿದ ಮೇಲೆ 2022ರಲ್ಲಿ ಎಂಟು ತಿಂಗಳು ಇಂಥದೇ ಬೇರೊಂದು ಸಂಸ್ಥೆಯ ಆಫೀಸಿನಲ್ಲಿ ‘ಕೇಸ್ ಸ್ಟೋರಿ’ ಬರೆಯುವ ಕೆಲಸ ಮಾಡಿದೆ. ಕವಿತೆ ಬರೆಯುತ್ತೇನೆಂದೇ ತಕ್ಕೊಂಡರು. ಒಬ್ಬಾಕೆ ನನ್ನ ಹತ್ತಿರ ಎರಡು ತಾಸು ಮಾತಾಡಿದಳು. ಹನ್ನೆರಡು ವರ್ಷದಿಂದ ಗುಳಿಗೆ ನುಂಗುತ್ತಾಳೆ, ಹದಿನಾಲ್ಕು ಆಡು ಸಾಕಿದ್ದಾಳೆ, ರೇಷನ್ ತಡೆದ ಪಂಚಾಯ್ತಿ ಮೆಂಬರನನ್ನು ಚಾವಡಿಯಲ್ಲಿ ನಿಲ್ಲಿಸಿ ಬೈದಿದ್ದಾಳೆ. ನಡುವೆ ಸತ್ತ ಮಗನ ನೆನಪಾಗಿ ಒಂದು ನಿಮಿಷ ಅತ್ತಳು. ಎಲ್ಲವನ್ನೂ ಬರೆದು ಕೊಟ್ಟೆ. "ಈಕೆ ಬಹಳ ಗಟ್ಟಿಯಾಗಿದ್ದಾಳೆ, ಕೊಡುವವರಿಗೆ ಮನ ಕರಗೋದಿಲ್ಲ" ಎಂದು ವಾಪಸು ಬಂತು. ಆಡು ತೆಗೆದೆ, ಚಾವಡಿ ತೆಗೆದೆ, ಆ ಒಂದು ನಿಮಿಷವನ್ನು ಎರಡು ಪುಟ ಹಿಗ್ಗಿಸಿದೆ. ಚೆನ್ನಾಗಿ ಬಂದಿದೆ ಎಂದರು. ಚೆನ್ನಾಗಿಯೇ ಬಂದಿತ್ತು. ಇದನ್ನು ಪ್ರತಿಭಟಿಸಿ ಕೆಲಸ ಬಿಟ್ಟೆ ಎಂದು ಬರೆದರೆ ಅದೂ ಒಂದು ಮನವಿಪತ್ರವಾದೀತು. ಪ್ರಾಜೆಕ್ಟ್ ಮುಗಿಯಿತು, ಕೆಲಸ ಹೋಯಿತು.

ನಮ್ಮ ಕೇರಿಯಲ್ಲಿ ಏಪ್ರಿಲ್ 14ರ ಜಯಂತಿಗೆ ಚಂದಾ ಎತ್ತುತ್ತಾರೆ. ಮರುದಿನ ರಾತ್ರಿ ಗುಡಿಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಪಟ್ಟಿ ಓದುತ್ತಾರೆ. ಹತ್ತು ರೂಪಾಯಿ ಕೊಟ್ಟವರ ಹೆಸರೂ ಓದಬೇಕು. ಮೈಕಿಗೆ ಎಷ್ಟು, ಪೆಂಡಾಲಿಗೆ ಎಷ್ಟು, ಹುಗ್ಗಿಯ ಗೋಧಿ ಬೆಲ್ಲಕ್ಕೆ ಎಷ್ಟು. ಒಂದು ಸಲ ನೂರಾ ನಲವತ್ತು ರೂಪಾಯಿ ತಾಳೆಯಾಗದೆ ನಡುರಾತ್ರಿಯವರೆಗೆ ಜಗಳ. ಕಡೆಗೆ ಸುಣ್ಣದ ಚೀಟಿ ಒಬ್ಬನ ಅಂಗಿಕಿಸೆಯಲ್ಲಿ ಸಿಕ್ಕಿತು. ಕೊಟ್ಟವರು, ತಿಂದವರು ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಂತು ಕೇಳುವ ಲೆಕ್ಕ ಅದು. ದೊಡ್ಡ ಸಂಸ್ಥೆಗಳೂ ಲೆಕ್ಕ ಕೊಡುತ್ತವೆ, ಇಲ್ಲವೆಂದಲ್ಲ. ಕೊಟ್ಟವರಿಗೆ ಕೊಡುತ್ತವೆ, ಸರಕಾರಕ್ಕೆ ಕೊಡುತ್ತವೆ. ಪಟದಲ್ಲಿದ್ದವರಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. (ನಮ್ಮ ಈ ಪತ್ರಿಕೆಯೂ ಕಳೆದೆರಡು ಸಂಚಿಕೆಗಳಲ್ಲಿ ಚಂದಾ ಮತ್ತು ಅಚ್ಚಿನ ಖರ್ಚು ಹಾಕಿಲ್ಲ. ಸಂಪಾದಕರು ಈ ಸಾಲನ್ನು ತೆಗೆಯಬಾರದಾಗಿ ಕೋರುತ್ತೇನೆ.)

2024ರ ದೀವಳಿಗೆಗೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಗೋಡೆಯ ಮೇಲಿನ ಪ್ರತಿ ಮನೆ ಬಿಚ್ಚಿ ಕಟ್ಟುವಾಗ ಮಣ್ಣಿನ ಜೊತೆ ಹೋಗಿತ್ತು. ಇನ್ನೊಂದು ನನ್ನ ಹತ್ತಿರ ಇತ್ತು. ಒಂಬತ್ತೂ ವಾಕ್ಯ ಕನ್ನಡದಲ್ಲಿ ಓದಿದೆ. ಮೊದಲು ನಕ್ಕಳು. ಆಮೇಲೆ ಬಹಳ ಹೊತ್ತು ಎಲೆಅಡಿಕೆಯ ಚೀಲದಲ್ಲಿ ಏನೋ ಹುಡುಕುತ್ತ ಕುಂತಳು.

"ನಾ ಸತ್ತದ್ದಕ್ಕ ರೊಕ್ಕ ಎಷ್ಟ್ ಬಂತಂತ?"

"ಗೊತ್ತಿಲ್ಲಬೇ."

"ಕೇಳ್ ಮತ್ತ. ಕಲ್ತಂವ ಅದೀಯಲ್ಲ."

2025ರ ಜನವರಿಯಲ್ಲಿ ಆ ಸಂಸ್ಥೆಗೆ ಕನ್ನಡದಲ್ಲಿ ಪತ್ರ ಬರೆದೆ. ಎಷ್ಟು ಪ್ರತಿ ಅಚ್ಚಾದವು, ಎಷ್ಟು 

ಹಣ ಬಂತು, ಯಾವ ಊರಲ್ಲಿ ಯಾವುದಕ್ಕೆ ಖರ್ಚಾಯಿತು. ರಿಜಿಸ್ಟರ್ ಪೋಸ್ಟಿನ ಹಳದಿ ಚೀಟಿ ಸಹಿಯಾಗಿ ವಾಪಸು ಬಂದಿದೆ. ಫೋನ್ ಮಾಡಿದಾಗೊಮ್ಮೆ ಅವ್ವ ಕೇಳುತ್ತಾಳೆ, ಲೆಕ್ಕ ಬಂತೇನು ಅಂತ. ಇನ್ನೂ ಬಂದಿಲ್ಲ.